ಮೂರು ಚಪ್ಪಾಳೆಯ ವಯಸ್ಸು

ನಿನ್ನೆ ರಾತ್ರಿ ಮೊಬೈಲಿನಲ್ಲಿ ಸಿಕ್ಕಿದ ಆರೋಗ್ಯದ ಲೇಖನವನ್ನು ಮನೆಮಂದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ‘ಮಿಡಲ್ ಏಜೆಡ್’ ಗಂಡಸರು ದಿನಾ ನಡೆಯಬೇಕು ಅಂತೇನೋ ಇತ್ತು. ನಡಿಗೆಯ ವಿಷಯ ಯಾರ ಕಿವಿಗೂ ಬೀಳಲಿಲ್ಲ. 7ನೇ ಕ್ಲಾಸಿನ ಮಗಳು ಪುಸ್ತಕದಿಂದ ತಲೆಯೆತ್ತಿ, “ಅಪ್ಪಾ, ಅದು ಏಜೆಡ್ ಅಲ್ಲ, ಏಜ್ಡ್” ಅಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಅವಳಿಗೊಂದು ಚಟ. ಇಂಗ್ಲಿಷ್ ಪದ ಸಿಕ್ಕಿತೋ, ಸಿಲೆಬಲ್ಲಿಗೊಂದರಂತೆ ಚಪ್ಪಾಳೆ ತಟ್ಟಿ ಎಣಿಸಲೇಬೇಕು. “ಮಿ, ಡಲ್, ಏಜ್ಡ್. ಮೂರೇ. ನೀನು ನಾಲ್ಕು ಮಾಡ್ದೆ.”

ಸರಿ ಅಂತ ನಾನೂ ತಟ್ಟಿದೆ. ನಿಧಾನಕ್ಕೆ ಹೇಳಿದರೆ ನಾಲ್ಕು, ‘ಮಿಡ್ಲೇಜ್ಡ್’ ಅಂತ ಅವಸರ ಮಾಡಿದರೆ ಎರಡೇ. ಆ ‘ಡಲ್’ನಲ್ಲಿ ಸರಿಯಾದ ಸ್ವರವೇ ಇಲ್ಲವಂತೆ, ಲಕಾರವೇ ಸ್ವರದ ಜಾಗದಲ್ಲಿ ಕೂತಿದೆಯಂತೆ! ನಮ್ಮ ಛಂದಸ್ಸಿನಲ್ಲಿ ಸ್ವರವಿಲ್ಲದ ವ್ಯಂಜನ ಹಿಂದಿನ ಅಕ್ಷರವನ್ನು ಗುರು ಮಾಡಿ ಸುಮ್ಮನಾಗುತ್ತದೆ, ತನಗೂ ಒಂದು ಚಪ್ಪಾಳೆ ಬೇಕು ಅನ್ನುವುದಿಲ್ಲ. ಇನ್ನು ಕೊನೆಯ ‘ಜ್ಡ್’. ಬಸ್ಸಿಗೂ ಕಾರಿಗೂ ಒಂದೊಂದು ಉಕಾರ ಕೊಟ್ಟೇ ಕರೆದ ನಾಲಿಗೆ ಇದು. ‘ಏಜ್ಡು’ ಅಂದುಬಿಟ್ಟಿತು, ಲೆಕ್ಕ ಮತ್ತೆ ನಾಲ್ಕಕ್ಕೇ ಬಂತು.

ದೀಪ ಆರಿಸಿ ಮಲಗಿದ ಮೇಲೂ ಮನಸ್ಸು ತಡೆಯದೆ ಮೆಲ್ಲಗೆ ತಟ್ಟಿದೆ. ಪಕ್ಕದಿಂದ ಹೆಂಡತಿ ನಿದ್ದೆಗಣ್ಣಲ್ಲೇ, “ಸಿಕ್ತೇನ್ರೀ ಸೊಳ್ಳೆ?” ಅಂದಳು.

“ಇಲ್ಲ, ಒಂದು ಜಾಸ್ತಿ ಆಯ್ತು.”

“ಕಿಟಕಿ ಹಾಕಿ ಮತ್ತೆ.”

ಎದ್ದು ಕಿಟಕಿ ಹಾಕಿದೆ.

ನಿಯಮ ಏನೂ ಕಷ್ಟವಿಲ್ಲ. ಟ ಅಥವಾ ಡ ಸದ್ದಿನ ಮೇಲೆ ಬಂದರೆ ಮಾತ್ರ ‘ಎಡ್’ಗೆ ಸ್ವಂತ ಸಿಲೆಬಲ್. ‘ಓಪನ್ ಮೈಂಡೆಡ್’ಗೆ ಉಂಟು, ‘ಓಲ್ಡ್ ಫ್ಯಾಷನ್ಡ್’ಗೆ ಇಲ್ಲ. ಹಾಗಾದರೆ ‘ಫೋರ್ ಲೆಗೆಡ್’? ಅಲ್ಲಿ ಟಕಾರವೂ ಇಲ್ಲ, ಡಕಾರವೂ ಇಲ್ಲ. ಆದರೂ ‘ಲೆಗೆಡ್’ ಅಂದರೂ ನಡೆಯುತ್ತದೆ, ‘ಲೆಗ್ಡ್’ ಅಂದರೂ ನಡೆಯುತ್ತದೆ. ನಾಲ್ಕು ಕಾಲಿನ ಪ್ರಾಣಿಗೆ ಸಿಕ್ಕ ಸಲುಗೆ 48 ವರ್ಷದ ನನಗಿಲ್ಲ.

ಇದೇ ಹುಡುಗಿ ಮೂರು ವರ್ಷದವಳಿದ್ದಾಗ ಳಕಾರ ಹೊರಳುತ್ತಿರಲಿಲ್ಲ. “ಹಲ್ಲಿಗೆ ಹೋಗೋಣ” ಅಂತ ಹಟ ಹಿಡಿಯುತ್ತಿದ್ದಳು, ಗೋಡೆಯ ಹಲ್ಲಿಗಲ್ಲ, ಅಜ್ಜಿಯ ಹಳ್ಳಿಗೆ. ಒಬ್ಬರೂ ತಿದ್ದಲಿಲ್ಲ. ತಿದ್ದುವುದಿರಲಿ, ನಾವೂ ಎಷ್ಟೋ ದಿನ ಹಲ್ಲಿಗೇ ಹೋಗಿಬಂದೆವು. ಯಾವತ್ತು ಸರಿಯಾಗಿ ‘ಹಳ್ಳಿ’ ಅಂದಳೋ, ನೆನಪಿಲ್ಲ.

ಬೆಳಿಗ್ಗೆ ಡಿಕ್ಷನರಿ ತೆರೆದ ಮೊಬೈಲು ಹಿಡಿದುಕೊಂಡು ತಾನೇ ಬಂದಳು. ರಾಜಿಗೆ ಬಂದವಳ ಮುಖ.

“ಅಪ್ಪಾ, ನೀನು ಹೇಳಿದ್ದೂ ಇದೆ. ‘ದಿ ಏಜೆಡ್’ ಅಂತ ಬಂದಾಗ ಎರಡು ಸಿಲೆಬಲ್ಲೇ ಸರಿ.”

“ನೋಡಿದ್ಯಾ! ಏನು ಅರ್ಥ?”

“ವಯಸ್ಸಾದ ಮುದುಕರು. ಇನ್ನೊಂದು 15 ವರ್ಷ ಹೀಗೇ ಹೇಳ್ತಿರು, ತಾನಾಗೇ ಸರಿಹೋಗುತ್ತೆ.”