ಸೊಂಟದ ಗನ್ ಬಗ್ಗೆ ಅಪರಿಚಿತರು ಕೇಳಿದರೆ, ನಯವಾದ ಉತ್ತರ ಸಾಕಾ?

ಅಮೆರಿಕದ ಟೆಕ್ಸಾಸ್‌ನಲ್ಲಿ 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಎಲ್ಲರಿಗೂ ಕಾಣುವಂತೆ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು. ಇದಕ್ಕೆ ಓಪನ್ ಕ್ಯಾರಿ ಅಂತಾರೆ. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದವರಿಗೆ ಲೈಸೆನ್ಸೂ ಬೇಕಿಲ್ಲ. ಪಿಸ್ತೂಲು ಹೋಲ್‌ಸ್ಟರ್, ಅಂದರೆ ಅದರ ಒರೆಯ ಒಳಗಿರಬೇಕು. ಅಂಗಡಿಯಲ್ಲಿ, ಪಾರ್ಕಿನಲ್ಲಿ ಅದನ್ನು ನೋಡಿದವರು ಕೇಳಿಯೇ ಕೇಳುತ್ತಾರೆ. ಆಗ ನಯವಾಗಿ ಉತ್ತರ ಕೊಟ್ಟರೆ ವಿಷಯ ಅಲ್ಲಿಗೆ ಮುಗಿಯುತ್ತಾ? ಅಲ್ಲಿ ನೆಲೆಸಿದ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಒಬ್ಬರು ಗನ್ ಕಟ್ಟುವವರು, ಇನ್ನೊಬ್ಬರು ಅದನ್ನು ನೋಡಿ ಪ್ರಶ್ನೆ ಕೇಳಿದವರು.

ಪರ: ಕೇಳಿದವರಿಗೆ ಸಮಾಧಾನವಾಗಿ ಹೇಳಿದರೆ ಸಾಕು

ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಮಾಡಿಸಲು ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಒಂದು ನಲ್ಲಿ, ಎರಡು ವಾಷರ್. ಹಿಂದೆ ಒಬ್ಬರು ಅಜ್ಜಿ. ಎಪ್ಪತ್ತೈದು ದಾಟಿರಬಹುದು. 'ನೀವು ಪೊಲೀಸಾ?' ಅಂತ ಮೆಲ್ಲಗೆ ಕೇಳಿದರು. ಅವರ ಕಣ್ಣು ನನ್ನ ಬಲ ಸೊಂಟದ ಮೇಲಿತ್ತು. ತಳ್ಳುಗಾಡಿಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗೆಣ್ಣು ಬೆಳ್ಳಗಾಗಿತ್ತು.

ಗನ್ ಇರುವ ಬದಿ ಅವರಿಂದ ಆಚೆಗೆ ಹೋಗುವಂತೆ ತಿರುಗಿ ನಿಂತೆ. ಎರಡೂ ಕೈಯಲ್ಲಿ ನಲ್ಲಿಯನ್ನು ಹಿಡಿದುಕೊಂಡೆ. 'ಅಲ್ಲಮ್ಮ, ನಾನು ಪೊಲೀಸ್ ಅಲ್ಲ. ನನ್ನದೊಂದು ಚಿಕ್ಕ ಅಂಗಡಿ ಇದೆ. ರಾತ್ರಿ ದುಡ್ಡು ತಗೊಂಡು ಒಬ್ಬನೇ ಮನೆಗೆ ಹೋಗಬೇಕು. ಅದಕ್ಕೇ ಇಟ್ಟುಕೊಂಡಿದ್ದೇನೆ. ನಿಮಗೆ ಭಯ ಆಯ್ತಾ?' ಅಂದೆ. ಆಯ್ತು ಅಂದರು. 'ಸಾಮಾನು ಬಿಟ್ಟು ಹೊರಗೆ ಹೋಗಬೇಕೋ ಏನೋ ಗೊತ್ತಾಗಲಿಲ್ಲ. ಹೇಳಿದ್ದು ಒಳ್ಳೆಯದಾಯಿತು' ಅಂದರು. ಆಮೇಲೆ ನಲ್ಲಿ ಸೋರುವ ವಿಷಯ ಮಾತಾಡಿದೆವು.

ಆ ಅಜ್ಜಿಯ ಮಾತನ್ನು ನಾನು ಮರೆತಿಲ್ಲ. ನಾನು ಉತ್ತರ ಕೊಡದೇ ಹೋಗಿದ್ದರೆ ಅವರು ಭಯ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು. 'ಅದು ನನ್ನ ಹಕ್ಕು, ನಿಮಗ್ಯಾಕೆ?' ಅಂದಿದ್ದರಂತೂ ಇನ್ನೂ ಕೆಟ್ಟದಾಗುತ್ತಿತ್ತು. ಹಕ್ಕು ಇರುವುದು ನಿಜ. ಅಮೆರಿಕದ ಸಂವಿಧಾನದಲ್ಲಿ ಆ ಹಕ್ಕನ್ನು ಹೇಳುವ ಎರಡನೇ ತಿದ್ದುಪಡಿ 1791ರದ್ದು. ಮನೆಯಿಂದ ಹೊರಗೂ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಹೆದರಿದ ಅಜ್ಜಿಯ ಮುಂದೆ ಸಂವಿಧಾನ ಓದುವುದು ಯಾವ ಮರ್ಯಾದೆ?

ನಮ್ಮದು ಕೊಡಗು. ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ ಗೋಡೆಯಲ್ಲಿ ತಾತನ ಕೋವಿ ತೂಗುತ್ತಿತ್ತು. ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅವತ್ತು ಕೋವಿಯನ್ನು ಒರೆಸಿ, ಕತ್ತಿಗಳ ಜೊತೆ ಸಾಲಾಗಿ ಇಟ್ಟು, ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಿದ್ದರು. ತೋಕ್ ಅಂದರೆ ನಮ್ಮ ಕೊಡವ ಮಾತಿನಲ್ಲಿ ಕೋವಿ. ಕೆಂಪು ಹಳದಿ ಎಸಳಿನ ಆ ಹೂವನ್ನು ನಳಿಗೆಯ ತುದಿಗೆ ಸಿಕ್ಕಿಸುವ ಕೆಲಸ ಮಕ್ಕಳಾದ ನಮ್ಮದು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು.

ತಾತ ಕೋವಿ ಹೆಗಲಿಗೆ ಹಾಕಿಕೊಂಡು ಗದ್ದೆ ಏರಿಯ ಮೇಲೆ ನಡೆದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಯಾಕೆ? ಅವರು ಯಾವ ಒಕ್ಕದವರು, ಅಂದರೆ ಯಾವ ಮನೆತನದವರು, ಯಾರ ಮಗ ಅಂತ ಊರಿಗೆಲ್ಲ ಗೊತ್ತಿತ್ತು. ಟೆಕ್ಸಾಸ್‌ನಲ್ಲಿ ನಾನು ಯಾರಿಗೂ ಗೊತ್ತಿಲ್ಲ. ಹಾಗಾಗಿ ಜನ ಕೇಳುತ್ತಾರೆ. ಊರು ತಾತನ ಬಗ್ಗೆ ಹೇಳುತ್ತಿದ್ದುದನ್ನು ಇಲ್ಲಿ ನನ್ನ ಬಗ್ಗೆ ನಾನೇ ಹೇಳಿಕೊಳ್ಳಬೇಕು.

ನಾನು ಪಾಲಿಸುವ ಕೆಲವು ವಿಷಯ ಇವೆ. ಮಾತಾಡುವಾಗ ಕೈ ಗನ್ ಹತ್ತಿರ ಹೋಗಬಾರದು, ಬೆರಳು ತೋರಿಸುವುದಕ್ಕೂ ಹೋಗಬಾರದು. 'ಒಂದ್ಸಲ ತೆಗೆದು ತೋರಿಸ್ತೀರಾ' ಅಂದರೆ ಇಲ್ಲ, ಯಾವ ಕಾರಣಕ್ಕೂ ಇಲ್ಲ. ಮಗು ಕೇಳಿದರೆ ಮೊದಲು ಅದರ ಅಪ್ಪ ಅಮ್ಮನ ಮುಖ ನೋಡುತ್ತೇನೆ, ಅವರು ಒಪ್ಪಿದರೆ ಮಾತ್ರ ಉತ್ತರ. ಜಗಳಕ್ಕೇ ಬಂದವರಿದ್ದರೆ 'ನಿಮ್ಮ ಮಾತು ಕೇಳಿಸಿತು' ಅಂದು ಹೊರಡುತ್ತೇನೆ. ಗನ್ ಇರುವವನು ವಾದದಲ್ಲಿ ಗೆಲ್ಲಲು ಹೋಗಲೇಬಾರದು. ಅಂಗಡಿಯವರು ಹೊರಗೆ ಹೋಗಿ ಅಂದರೆ ಆ ಕ್ಷಣವೇ ಹೊರಗೆ. ಹೇಳಿದ ಮೇಲೂ ನಿಂತರೆ ಟೆಕ್ಸಾಸ್ ಕಾನೂನಿನಲ್ಲಿ ಅದು ಅಪರಾಧ.

ನಯ ಬಿಟ್ಟವರಿಂದ ಏನಾಯಿತು ಅಂತ ನೋಡಿದ್ದೇವೆ. 2014ರಲ್ಲಿ ಟೆಕ್ಸಾಸ್‌ನಲ್ಲಿ ಪಿಸ್ತೂಲನ್ನು ಕಾಣುವಂತೆ ಕಟ್ಟಲು ಅವಕಾಶ ಇರಲಿಲ್ಲ, ಉದ್ದ ರೈಫಲ್‌ಗೆ ಇತ್ತು. ಕೆಲವರು ರೈಫಲ್ ನೇತುಹಾಕಿಕೊಂಡು ಹೋಟೆಲುಗಳಿಗೆ ನುಗ್ಗಿ ಫೋಟೋ ತೆಗೆಸಿಕೊಂಡರು. ಅದೇ ವರ್ಷ ಚಿಪೋಟ್ಲೆ ಹೋಟೆಲು, ಟಾರ್ಗೆಟ್ ಅಂಗಡಿಗಳ ಕಂಪನಿಗಳು ಗನ್ ತರಬೇಡಿ ಅಂತ ಗಿರಾಕಿಗಳನ್ನು ಕೇಳಿಕೊಂಡವು. ಸ್ಟಾರ್‌ಬಕ್ಸ್ 2013ರಲ್ಲೇ ಕೇಳಿಕೊಂಡಿತ್ತು. ಆ ಬಾಗಿಲುಗಳನ್ನು ಗನ್ ಕಟ್ಟುವ ನಮ್ಮವರೇ ಮುಚ್ಚಿಸಿದರು ಅಂತ ನನಗೆ ಇವತ್ತಿಗೂ ಬೇಜಾರಿದೆ.

ಶರ್ಟಿನ ಒಳಗೆ ಮುಚ್ಚಿಟ್ಟುಕೊಂಡರೆ ಪ್ರಶ್ನೆಯೇ ಬರಲ್ಲ ಅಲ್ವಾ ಅಂತ ನನ್ನ ಹೆಂಡತಿಯೂ ಕೇಳುತ್ತಾಳೆ. ಮುಚ್ಚಿದ ಮಾತ್ರಕ್ಕೆ ಗನ್ ಇಲ್ಲವಾಗುತ್ತದಾ? ಅಜ್ಜಿ ಅದೇ ಗನ್ನಿನ ಪಕ್ಕದಲ್ಲೇ ನಿಂತಿರುತ್ತಿದ್ದರು, ಗೊತ್ತಿಲ್ಲದೆ. ಕಂಡಿದ್ದರಿಂದ ಅವರು ಕೇಳಿದರು. ಕೇಳಿದ್ದರಿಂದ ನಾನು ಹೇಳಿದೆ.

ವಿರೋಧ: ನಯ ಬೇಕು, ಆದರೆ ಅದು ಸಾಲುವುದಿಲ್ಲ

ನನಗೆ ಸಿಕ್ಕಿದವರೂ ತುಂಬಾ ಒಳ್ಳೆಯ ಮಾತುಗಾರರು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಶನಿವಾರ ಬೆಳಿಗ್ಗೆ ದಿನಸಿ ಅಂಗಡಿಯ ಹಾಲಿನ ಕಪಾಟಿನ ಹತ್ತಿರ ಇದ್ದೆವು. ನನ್ನ ಮಗನಿಗೆ ಆರು ವರ್ಷ. ಅವನ ಎತ್ತರಕ್ಕೆ ಸರಿಯಾಗಿ, ಕಣ್ಣಿನ ಮುಂದೆಯೇ, ಒಬ್ಬರ ಸೊಂಟದ ಪಿಸ್ತೂಲು. 'ಅಮ್ಮ, ಆ ಅಂಕಲ್ ಪೊಲೀಸಾ?' ಅಂದ. ಕನ್ನಡದಲ್ಲೇ ಕೇಳಿದ, ಆದರೂ ಪೊಲೀಸ್ ಅನ್ನುವ ಪದ ಅವರಿಗೆ ಅರ್ಥವಾಯಿತು. ತಿರುಗಿದರು. ಇದು ಇಲ್ಲಿ ಸರಿಯಾ ಅಂತ ನಾನೂ ಕೇಳಿಬಿಟ್ಟೆ. ಅವರು ನಕ್ಕರು. ಕಾನೂನು ಒಪ್ಪುತ್ತದೆ, ಏನೂ ಯೋಚನೆ ಮಾಡಬೇಡಿ ಅಂದರು. ಮಗನಿಗೆ ಮುಷ್ಟಿ ತಾಗಿಸಿ ಟಾಟಾ ಹೇಳಿದರು. ಇದಕ್ಕಿಂತ ನಯವಾಗಿ ಯಾರು ಮಾತಾಡುತ್ತಾರೆ?

ಕಾರಿಗೆ ಬಂದು ಕೂತರೆ ಕೀಲಿ ತಿರುಗಿಸಲು ಆಗುತ್ತಿಲ್ಲ. ಕೈ ನಡುಗುತ್ತಿತ್ತು. ಆಮೇಲೆ ಯೋಚಿಸಿದೆ, ಅವರು ಮಾತಾಡುವಾಗ ನಾನು ಎಲ್ಲಿ ನೋಡುತ್ತಿದ್ದೆ ಅಂತ. ಮುಖ ನೋಡುತ್ತಿರಲಿಲ್ಲ. ಅವರ ಬಲಗೈ ನೋಡುತ್ತಿದ್ದೆ. ಇದನ್ನು ಮಾತುಕತೆ ಅನ್ನಬಹುದಾ? ನಾನು ಏನು ಕೇಳಬೇಕು, ಯಾವ ದನಿಯಲ್ಲಿ ಕೇಳಬೇಕು, ಎಷ್ಟು ಹೊತ್ತಿಗೆ ಸುಮ್ಮನಾಗಬೇಕು, ಎಲ್ಲವನ್ನೂ ಆ ಗನ್ ತೀರ್ಮಾನಿಸಿತ್ತು. ನಾವು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ನಮಗೆ ಗನ್ ಇಟ್ಟುಕೊಳ್ಳಲು ಅಮೆರಿಕದ ಕೇಂದ್ರ ಕಾನೂನೇ ಬಿಡುವುದಿಲ್ಲ. ನನಗೆ ಬೇಕಾಗಿಯೂ ಇಲ್ಲ. ಆದರೆ ಇಬ್ಬರೂ ಸಮ ಅಂತ ಯಾರೂ ಹೇಳಬೇಡಿ.

ನಯವಾದ ಉತ್ತರ ನಂಬಿಕೆಯ ಮೇಲೆ ನಿಂತಿದೆ. ಮುಂದೆ ಏನಾಗುತ್ತದೆ ಅಂತ ನೋಡುವವರಿಗೆ ಗೊತ್ತಿರುವುದಿಲ್ಲ. 2015ರ ಅಕ್ಟೋಬರ್ 31ರಂದು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಒಬ್ಬ ಮಹಿಳೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದರು. ಒಬ್ಬ ರೈಫಲ್ ಹಿಡಿದು ಓಡಾಡುತ್ತಿದ್ದಾನೆ ಅಂದರು. ಕಾಣುವಂತೆ ಗನ್ ಒಯ್ಯಲು ಇಲ್ಲಿ ಕಾನೂನಿದೆ ಅಂತ ಆ ಕಡೆಯಿಂದ ವಿವರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವನು ಮೂವರನ್ನು ಕೊಂದ. ಆ ಮಹಿಳೆ ಹೆದರಿದ್ದು ತಪ್ಪಾಗಿರಲಿಲ್ಲ. ಕಾನೂನು ವಿವರಿಸಿದವರೂ ಸುಳ್ಳು ಹೇಳಿರಲಿಲ್ಲ. ಗುಂಡು ಹಾರುವವರೆಗೆ ಒಳ್ಳೆಯವನೂ ಕೆಟ್ಟವನೂ ನೋಡಲು ಒಂದೇ ಥರ ಇರುತ್ತಾರೆ. ನನ್ನ ಭಯಕ್ಕೆ ಕಾರಣ ಇದೇ.

ಪೊಲೀಸರಿಗೇ ಗೊತ್ತಾಗುವುದಿಲ್ಲ. 2016ರ ಜುಲೈ 7ರಂದು ಡಲ್ಲಾಸ್‌ನಲ್ಲಿ ಮೆರವಣಿಗೆಯ ವೇಳೆ ಐವರು ಪೊಲೀಸರ ಕೊಲೆಯಾಯಿತು. ಆ ಮೆರವಣಿಗೆಯಲ್ಲಿ ಕಾನೂನಿನ ಪ್ರಕಾರವೇ ರೈಫಲ್ ತಂದಿದ್ದ ಒಬ್ಬ ಕಪ್ಪು ವರ್ಣದವನ ಫೋಟೋವನ್ನು ಪೊಲೀಸರು ಶಂಕಿತ ಅಂತ ಎಲ್ಲೆಡೆ ಹರಡಿದರು. ಅವನು ತಾನಾಗಿ ಪೊಲೀಸರಿಗೆ ಗನ್ ಒಪ್ಪಿಸಿದ್ದ. ಅವನದೇನೂ ತಪ್ಪಿರಲಿಲ್ಲ. ಗುಂಡಿನ ಸದ್ದಿಗೆ ಎಲ್ಲರೂ ಓಡುವಾಗ, ಅವರಲ್ಲಿ ಹಲವರ ಹೆಗಲಲ್ಲಿ ರೈಫಲ್ ಇದ್ದರೆ ಯಾರು ಯಾರು ಅಂತ ತಿಳಿಯುವುದು ಕಷ್ಟ ಅಂತ ಡಲ್ಲಾಸ್ ಪೊಲೀಸರ ಆಗಿನ ಮುಖ್ಯಸ್ಥ ಡೇವಿಡ್ ಬ್ರೌನ್ ಆಮೇಲೆ ಹೇಳಿದರು.

ಮೈಬಣ್ಣದ ಮಾತು ಬಿಡಲಾಗದು. ಅದರ ಹಿಂದಿನ ದಿನವೇ ಮಿನ್ನೆಸೋಟದಲ್ಲಿ ಕಾರು ನಿಲ್ಲಿಸಿದ ಪೊಲೀಸರಿಗೆ ಒಬ್ಬ ಕಪ್ಪು ವರ್ಣದವನು 'ಸರ್, ನನ್ನ ಹತ್ತಿರ ಗನ್ ಇದೆ' ಅಂತ ಮರ್ಯಾದೆಯಿಂದ ತಾನೇ ತಿಳಿಸಿದ. ಪರ್ಮಿಟ್ ಇತ್ತು. ಆದರೂ ಗುಂಡು ಹೊಡೆದು ಕೊಂದರು. 2014ರಲ್ಲಿ ಓಹಿಯೋದ ವಾಲ್‌ಮಾರ್ಟ್‌ನಲ್ಲಿ 22 ವರ್ಷದ ಹುಡುಗ ಅಲ್ಲೇ ಮಾರಾಟಕ್ಕಿದ್ದ ಏರ್ ಗನ್ ಎತ್ತಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಪೊಲೀಸರು ಬಂದು ಕೊಂದರು. ಓಹಿಯೋದಲ್ಲೂ ಗನ್ ಕಾಣುವಂತೆ ಒಯ್ಯಬಹುದು. ನಯಕ್ಕೆ ಎಲ್ಲರ ಮೈಮೇಲೂ ಒಂದೇ ಬೆಲೆ ಇಲ್ಲ. ಗನ್ ಕಟ್ಟಿರುವ ಕೊಡಗಿನ ಅಣ್ಣ ಕಂದು ಬಣ್ಣದವರು. ಮುಂದಿನ ಸಾಲಿನಲ್ಲಿ ನಿಂತವರು ಪ್ರಶ್ನೆ ಕೇಳುವ ಬದಲು ನೇರವಾಗಿ ಫೋನ್ ತೆಗೆದರೆ? ಅವರ ಬಗ್ಗೆಯೂ ನನಗೆ ಭಯ ಇದೆ, ಅವರ ವಿರುದ್ಧ ಅಲ್ಲ.

ಭಾರತೀಯರು ಯಾರೂ 2017ರ ಫೆಬ್ರುವರಿ ಮರೆತಿಲ್ಲ. ಕಾನ್ಸಾಸ್‌ನ ಓಲಾಥೆಯ ಒಂದು ಬಾರಿನಲ್ಲಿ ಒಬ್ಬ, ಇಬ್ಬರು ಭಾರತೀಯ ಎಂಜಿನಿಯರ್‌ಗಳಿಗೆ ನಿಮ್ಮದು ಯಾವ ವೀಸಾ ಅಂತ ಕೆಣಕಿದ. ಅವನನ್ನು ಹೊರಗೆ ಕಳಿಸಿದರು. ಗನ್ ತಗೊಂಡು ವಾಪಸ್ ಬಂದ. ಒಬ್ಬರು ಸತ್ತರು. ಅವತ್ತು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅಂದಿನಿಂದ ಗನ್ ಇರುವ ಅಪರಿಚಿತರ ಹತ್ತಿರ ಮಾತಾಡುವುದು ನನಗೆ ಸುಮ್ನೆ ಮಾತಲ್ಲ.

ಕೊಡಗಿನ ಕೋವಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಗದ್ದೆಗೆ, ಹಬ್ಬಕ್ಕೆ, ತೆಂಗಿನಕಾಯಿಗೆ ಗುರಿಯಿಡುವ ಆಟಕ್ಕೆ ಹೊರಗೆ ಬರುತ್ತದೆ. ಹಾಲು ತರಲು ಹೋಗುವಾಗ ಯಾರಾದರೂ ತಗೊಂಡು ಹೋಗುತ್ತಾರಾ? ಅಲ್ಲಿ ಭಯ ಇಲ್ಲದ್ದಕ್ಕೆ ಊರಿನ ಪರಿಚಯವೇ ಕಾರಣ ಅಂತ ಅಣ್ಣನೇ ಬರೆದಿದ್ದಾರೆ. ಒಂದು ಜನ್ಮದಲ್ಲಿ ಬೆಳೆಯುವ ಪರಿಚಯವನ್ನು ಬಿಲ್ ಕೌಂಟರಿನ ಅರ್ಧ ನಿಮಿಷದಲ್ಲಿ ಕೊಡಲು ಆಗುವುದಿಲ್ಲ.

ಗನ್ ಬಿಟ್ಟುಬಿಡಿ ಅಂತ ನಾನು ಕೇಳುತ್ತಿಲ್ಲ. ರಾತ್ರಿ ದುಡ್ಡು ಹಿಡಿದು ಹೋಗುವವರ ಕಷ್ಟ ಗೊತ್ತು. ಶರ್ಟನ್ನು ಅದರ ಮೇಲೆ ಬಿಡಿ, ಅಷ್ಟೆ. ಟೆಕ್ಸಾಸ್ ಕಾನೂನು ಅದಕ್ಕೂ ಒಪ್ಪುತ್ತದೆ. ಕಾಣದಿದ್ದರೂ ಗನ್ ಇದ್ದೇ ಇರುತ್ತದೆ ಅನ್ನುವುದು ನಿಜ. ಆದರೆ ಕಾಣುವ ಗನ್ ಸುತ್ತಲಿನ ಪ್ರತಿಯೊಬ್ಬರಿಂದಲೂ ಒಂದು ತೀರ್ಮಾನ ಕೇಳುತ್ತದೆ: ನಿಲ್ಲಲಾ, ಓಡಲಾ, ಮಗುವನ್ನು ಎತ್ತಿಕೊಳ್ಳಲಾ. 2019ರ ಆಗಸ್ಟ್ 3ರಂದು ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ 23 ಜನರ ಜೀವ ಹೋಯಿತು. ಐದು ದಿನ ಬಿಟ್ಟು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಬ್ಬ ಗುಂಡು ನಿರೋಧಕ ಕವಚ ಹಾಕಿ, ರೈಫಲ್ ಹಿಡಿದು ಇನ್ನೊಂದು ವಾಲ್‌ಮಾರ್ಟ್‌ಗೆ ಹೋದ. ತನ್ನ ಹಕ್ಕನ್ನು ಪರೀಕ್ಷೆ ಮಾಡುತ್ತಿದ್ದೆ ಅಂದ. ಜನ ದಿಕ್ಕಾಪಾಲಾಗಿ ಓಡಿದರು. ಮುಂದಿನ ತಿಂಗಳು ಆ ಕಂಪನಿ, ಕಾನೂನು ಒಪ್ಪಿದರೂ ಕಾಣುವಂತೆ ಗನ್ ತರಬೇಡಿ ಅಂತ ಕೇಳಿಕೊಂಡಿತು. ಮುಚ್ಚಿ ತರಲು ಪರ್ಮಿಟ್ ಇದ್ದವರಿಗೆ ಅಡ್ಡಿ ಮಾಡಲಿಲ್ಲ. ನಾನು ಕೇಳುವುದೂ ಅಷ್ಟೇ.

ಟೆಕ್ಸಾಸ್ ಅಂಗಡಿಗಳ ಬಾಗಿಲಲ್ಲಿ 30.07 ಅನ್ನುವ ಬೋರ್ಡ್ ಹಾಕಬಹುದು. ಅಕ್ಷರ ಒಂದು ಇಂಚಿಗೆ ಕಡಿಮೆ ಇರಬಾರದು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅದು ಇದ್ದರೆ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಕಾಣುವಂತೆ ಕಟ್ಟಿಕೊಂಡು ಒಳಗೆ ಬರುವಂತಿಲ್ಲ. ಹಾಲಿನ ಕಪಾಟಿನ ಆ ಅಂಗಡಿಯಲ್ಲಿ ಬೋರ್ಡ್ ಇಲ್ಲ. ಮುಂದಿನ ಶನಿವಾರ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಹೆಡ್ ಆಫೀಸಿಗೆ ತಿಳಿಸುತ್ತೇನೆ ಅಂದರು, ಹೆಸರು ಬರೆದುಕೊಂಡರು. ನಾಲ್ಕು ವಾರ ಆಯಿತು. ಈ ಶನಿವಾರ ಪಕ್ಕದ ಮನೆಯ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.