ಮೊಟ್ಟೆ ಲೆಕ್ಕದ ಮೇಷ್ಟ್ರು

ಕ್ರಿ.ಶ. 301ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್‌ಗೆ ಬೆಲೆ ಏರಿಕೆ ನೋಡಿ ತಲೆ ಕೆಟ್ಟಿತು. ಯಾವುದಕ್ಕೂ ಇಷ್ಟಕ್ಕಿಂತ ಜಾಸ್ತಿ ಕೇಳಕೂಡದು ಅಂತ ಉದ್ದದ ಪಟ್ಟಿ ಹೊರಡಿಸಿ, ಊರೂರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ. ಗೋಧಿ, ಚಪ್ಪಲಿ, ಕ್ಷೌರ ಎಲ್ಲ ಅದರಲ್ಲಿತ್ತು. ಮೇಷ್ಟ್ರೂ ಇದ್ದರು.

ಅಕ್ಷರ ಕಲಿಸುವವರಿಗೆ ಒಂದು ಮಗುವಿಗೆ ತಿಂಗಳಿಗೆ 50 ದಿನಾರಿ (ಆಗಿನ ರೋಮ್ ನಾಣ್ಯ). ಕ್ಷೌರಕ್ಕೆ ಒಂದು ತಲೆಗೆ 2. ಅಂದರೆ ಒಂದು ತಲೆಯೊಳಗೆ ತಿಂಗಳಿಡೀ ಅಕ್ಷರ ತುಂಬುವುದೂ 25 ತಲೆಗಳ ಮೇಲಿನ ಕೂದಲು ಇಳಿಸುವುದೂ ಒಂದೇ! ಮಗುವಿನ ಜೊತೆ ಶಾಲೆಗೆ ಹೋಗಿ ಬರುವ ಆಳಿನ ರೇಟೂ ಅದೇ 50. ನಮ್ಮ ಬೀದಿಯ ಸ್ಕೂಲ್ ವ್ಯಾನ್ ಅಣ್ಣನಿಗೆ ಇದನ್ನು ಹೇಳಿದೆ. "ಆಗ ಡೀಸೆಲ್ ಇರ್ಲಿಲ್ವಲ್ಲ ಸಾರ್, ಅದಕ್ಕೇ ಅಷ್ಟು ಕಮ್ಮಿ" ಅಂದ.

ನಾವು ಅಷ್ಟು ಸಣ್ಣ ಜನ ಅಲ್ಲ. ಮೇಷ್ಟ್ರನ್ನು ಕ್ಷೌರದ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಸರ್ಕಾರಿ ಶಾಲೆಯ ಖಾಲಿ ಹುದ್ದೆಗೆ ಬರುವವರನ್ನು 'ಅತಿಥಿ ಶಿಕ್ಷಕರು' ಅನ್ನುತ್ತೇವೆ. ಅತಿಥಿ ಅಂದರೆ ದೇವರು. ದೇವರಿಗೆ ಸಂಬಳ ಕೊಟ್ಟವರುಂಟೇ? ಹಾಗಾಗಿ ಗೌರವಧನ. ಯಾವ ತಿಂಗಳದ್ದು ಯಾವ ತಿಂಗಳು ಬರುತ್ತೆ ಅಂತ ಕೇಳಬಾರದು. ಬೇಸಿಗೆ ರಜೆಗೆ ಅದೂ ಇಲ್ಲ. ಮನೆಗೆ ಹೊರಟ ಅತಿಥಿಗೆ ಯಾರಾದರೂ ಎಲೆ ಹಾಕುತ್ತಾರಾ?

ರೋಮ್‌ನ ಅಪ್ಪಂದಿರು ಮೇಷ್ಟ್ರನ್ನು ಹೇಗೆ ಗೋಳು ಹೊಯ್ದುಕೊಳ್ಳುತ್ತಿದ್ದರು ಅಂತ ಜುವೆನಲ್ ಎಂಬ ಕವಿ ಬರೆದಿದ್ದಾನೆ. ಸ್ನಾನಕ್ಕೆ ಹೊರಟ ಮನುಷ್ಯನನ್ನೂ ಬಿಡುತ್ತಿರಲಿಲ್ಲವಂತೆ. ಟ್ರಾಯ್ ಪುರಾಣದ ಅಂಕೈಸಿಸನ ದಾದಿಯ ಹೆಸರೇನು? ಮುದುಕ ಅಸೆಸ್ಟಿಸ್ ಟ್ರಾಯ್‌ನವರಿಗೆ ಎಷ್ಟು ಜಾಡಿ ದ್ರಾಕ್ಷಾರಸ ಕೊಟ್ಟ? ಇಷ್ಟೆಲ್ಲ ಬಾಯಿಪಾಠ ಒಪ್ಪಿಸಿದರೆ ವರ್ಷದ ಕೊನೆಗೆ ಸಿಗುವುದು, ಅಖಾಡದಲ್ಲಿ ಒಂದೇ ಒಂದು ಸಲ ಗೆದ್ದವನಿಗೆ ಸಿಗುವಷ್ಟು ದುಡ್ಡು. (ಐಪಿಎಲ್ ಹರಾಜು ನೋಡುವವರು ಇಲ್ಲಿ ಸ್ವಲ್ಪ ಕೆಮ್ಮಿಕೊಳ್ಳಬಹುದು.)

ಪಕ್ಕದ ಮನೆಯ ಟೀಚರಮ್ಮನಿಗೆ ಇದನ್ನು ಓದಿ ಹೇಳಿದೆ. ಅವರಿಗೆ ಹೊಟ್ಟೆಕಿಚ್ಚಾಯಿತು. "ಪಾಠದ ವಿಷಯನಾದ್ರೂ ಕೇಳ್ತಿದ್ರಲ್ಲ ಕಣ್ರೀ!"

ಇವರನ್ನು ಕೇಳುವುದು ಬೇರೆ. ಇವತ್ತು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಎಷ್ಟು? ಅದನ್ನು ಮೊಬೈಲ್‌ನಲ್ಲಿ ತುಂಬಬೇಕು. ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಮಾತ್ರ. 2025ರ ದಸರೆಯಲ್ಲಿ ಸರ್ಕಾರದ ಜಾತಿ ಸಮೀಕ್ಷೆಗೆ ಅಂತ ಮನೆಮನೆ ಸುತ್ತಿ, ಸಿಕ್ಕವರಿಗೆಲ್ಲ 60 ಪ್ರಶ್ನೆ ಕೇಳಿದರು. ರಜೆ ಮುಗಿದರೂ ಸಮೀಕ್ಷೆ ಮುಗಿಯಲಿಲ್ಲ. ಸರಿ, ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ಖುಷಿಯೋ ಖುಷಿ.

ರೋಮ್‌ನ ಇನ್ನೊಬ್ಬ ಕವಿ ಹೊರೇಸ್‌ಗೆ ಬಾಲ್ಯದಲ್ಲಿ ಬಾರಿಸಿದ ಮೇಷ್ಟ್ರು ಆರ್ಬಿಲಿಯಸ್. ಆತ ಅಪ್ಪ-ಅಮ್ಮಂದಿರ ಕಾಟದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದನಂತೆ. ಅದು ಎಲ್ಲೋ ಕಳೆದುಹೋಗಿದೆ.

"ಹೋಗ್ಲಿ ಬಿಡಿ, ನಾನು ಬರ್ಕೊಡ್ತೀನಿ" ಅಂದರು ಟೀಚರಮ್ಮ. ಅಷ್ಟರಲ್ಲಿ ಫೋನ್ ಟಿಣ್ ಅಂತು. ಕನ್ನಡಕ ಏರಿಸಿ ನೋಡಿದರು.

"ನಿನ್ನೇದು ಒಂದು ಮೊಟ್ಟೆ ತಾಳೆ ಆಗ್ತಿಲ್ವಂತೆ" ಅಂತ ಚಪ್ಪಲಿ ಮೆಟ್ಟಿ, ರಿಜಿಸ್ಟರ್ ಹುಡುಕಲು ಹೊರಟರು.