ಸೇತುವೆಗೊಂದು ಸೂರು

ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮಂಥವರು ಅಕ್ಟೋಬರಿನಲ್ಲಿ ಎಲೆಬಣ್ಣ ನೋಡಲು ವರ್ಮಾಂಟ್ ರಾಜ್ಯಕ್ಕೆ ಹೋದರೆ, ಸೂರುಳ್ಳ ಮರದ ಸೇತುವೆಯೊಂದರ ಮುಂದೆ ಚಿತ್ರ ತೆಗೆಸಿಕೊಳ್ಳದೆ ಮರಳುವುದು ಅಪರೂಪ. ನಾವೂ ಕುಟುಂಬಸಮೇತ ಹೋಗಿ ಕಾರ್ನಿಷ್–ವಿಂಡ್ಸರ್ ಸೇತುವೆಯನ್ನು ನೋಡಿ ಬಂದೆವು. ಈ ಸೇತುವೆಗಳ ಬಗ್ಗೆ ಆಡುವ ಮಾತೆಲ್ಲ ಅವುಗಳ ಚೆಲುವಿನಲ್ಲೇ ಮುಗಿಯುತ್ತದೆ. ಆದರೆ ಆ ಚೆಲುವು ಯಾರೂ ಬಯಸಿ ಮಾಡಿದ್ದಲ್ಲ, ಖರ್ಚು ಉಳಿಸಲು ಹೊರಟವರ ಕೈಯಲ್ಲಿ ತಾನಾಗಿ ಮೂಡಿದ್ದು ಎಂಬುದು ನನ್ನ ಅಭಿಪ್ರಾಯ.

ಕನೆಕ್ಟಿಕಟ್ ನದಿಯ ಒಂದು ದಡದಲ್ಲಿ ವರ್ಮಾಂಟಿನ ವಿಂಡ್ಸರ್, ಇನ್ನೊಂದು ದಡದಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾರ್ನಿಷ್ ಇವೆ. ಮೊದಲು ಕಟ್ಟಿದ ಮೂರು ಸೇತುವೆಗಳು ನೆರೆಯಲ್ಲಿ ಹೋದ ಮೇಲೆ, 1866ರಲ್ಲಿ ಜೇಮ್ಸ್ ಟ್ಯಾಸ್ಕರ್ ಮತ್ತು ಬೀಲಾ ಫ್ಲೆಚರ್ 9,000 ಡಾಲರ್ ವೆಚ್ಚದಲ್ಲಿ ಈಗಿನದನ್ನು ಕಟ್ಟಿದರು. ಸುಮಾರು 450 ಅಡಿ ಉದ್ದ, ಎರಡೇ ಅಂಕಣ, ನದಿಯ ನಡುವೆ ಒಂದೇ ಕಲ್ಲಿನ ಆಧಾರ. ಒಳಗೆ ಕಾಲಿಟ್ಟರೆ ಎರಡೂ ಬದಿಗೆ ಓರೆಯಾಗಿ ಒಂದನ್ನೊಂದು ಹಾದುಹೋಗುವ ಮರಗಳ ಜಾಲರಿ ಕಾಣುತ್ತದೆ. ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದ ಹೆಚ್ಚುಗಾರಿಕೆಯೆಂದರೆ, ಭಾರಿ ತೊಲೆಗಳನ್ನು ಹುಡುಕಿಕೊಂಡು ಹೋಗದೆ ಸಾಧಾರಣ ಹಲಗೆಗಳಿಂದಲೇ ಊರಿನ ಬಡಗಿಗಳು ಸೇತುವೆ ಕಟ್ಟಬಹುದಿತ್ತು. ಇಲ್ಲಿ ಮಾತ್ರ ಅಂಕಣಗಳು ಉದ್ದವಾದ್ದರಿಂದಲೋ ಏನೋ, ಹಲಗೆಯ ಬದಲು ದಪ್ಪ ಮರಗಳನ್ನೇ ಕಚ್ಚು ಕೊರೆದು ಕೂಡಿಸಿದ್ದಾರೆ.

ಇನ್ನು ಸೂರಿನ ವಿಷಯ. ಹಿಮದಿಂದ ದಾರಿಹೋಕರನ್ನು ಕಾಯಲು ಸೂರು ಹಾಕಿದರೆಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಹಿಮ ಒಳಗೆ ಬೀಳದೆ ಇದ್ದುದೇ ಅಂದಿನವರಿಗೆ ತೊಂದರೆಯಾಗಿತ್ತು. ಜಾರುಗಾಡಿಗಳು ಸಾಗಲೆಂದು ಹೊರಗಿನ ಹಿಮವನ್ನು ತಂದು ಇಂಥ ಸೇತುವೆಗಳ ನೆಲಕ್ಕೆ ಹರಡುತ್ತಿದ್ದರು. ಸೂರು ಇರುವುದು ಜಾಲರಿಗಾಗಿ. ಕೂಡುಗಳ ಸಂದಿಗೆ ಮಳೆನೀರು ಇಳಿದು ನಿಂತರೆ ಮರ ಬೇಗ ಕೊಳೆಯುತ್ತದೆ, ತೆರೆದ ಮರದ ಸೇತುವೆ ಒಂದೆರಡು ದಶಕ ಬಾಳಿದರೆ ಹೆಚ್ಚು. ಮಲೆನಾಡಿನವರು ಮಳೆಗಾಲಕ್ಕೆ ಮುನ್ನ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದರ ಹಿಂದಿನ ಲೆಕ್ಕವೇ ಇದು: ಅಗ್ಗದ್ದು ನೆನೆದು ಹಾಳಾಗಲಿ, ದುಬಾರಿಯದು ಉಳಿಯಲಿ.

ಲೆಕ್ಕ ಎಂದದ್ದು ಸುಮ್ಮನೆ ಅಲ್ಲ. ಕಾರ್ನಿಷ್–ವಿಂಡ್ಸರ್ ಸೇತುವೆಯನ್ನು ಕಟ್ಟಿಸಿದ್ದು ಸುಂಕ ವಸೂಲಿ ಮಾಡುವ ಖಾಸಗಿ ಕಂಪನಿ. ಕುದುರೆಗಳನ್ನು ಓಡಿಸದೆ ನಡೆಸಿಕೊಂಡು ಹೋಗಬೇಕು, ತಪ್ಪಿದರೆ ಎರಡು ಡಾಲರ್ ದಂಡ ಎಂಬ ಫಲಕ ಇಂದಿಗೂ ಹೆಬ್ಬಾಗಿಲ ಮೇಲಿದೆ. ಗೊರಸುಗಳ ಸಮತಾಳದ ಹೊಡೆತಕ್ಕೆ ಮರ ಅದುರುತ್ತದೆಂಬ ಭಯ ಅವರದು. 1936ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಸೇತುವೆಯನ್ನು ಕೊಂಡುಕೊಂಡಿತು. ಕೊಂಡ ಸರ್ಕಾರವೂ 1943ರವರೆಗೆ ಸುಂಕ ಬಿಡಲಿಲ್ಲವೆನ್ನಿ!

1987ರಲ್ಲಿ ವಾಹನ ಸಂಚಾರ ನಿಲ್ಲಿಸಿ, 1989ರ ಕೊನೆಗೆ ದುರಸ್ತಿ ಮುಗಿಸಿದಾಗ, ಪದರಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ಹೊಸ ಬಗೆಯ ತೊಲೆಗಳನ್ನು ಬಳಸಿದ್ದು ಪರಂಪರೆಯ ಕಾಳಜಿಯುಳ್ಳ ಕೆಲವರಿಗೆ ಹಿಡಿಸಲಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ನನ್ನ ಒಲವು ದುರಸ್ತಿಯ ಕಡೆಗೇ ಇದೆ. ಇಂದಿಗೂ ಕಾರುಗಳು ಅದರ ಮೇಲೆ ಓಡಾಡುತ್ತಿವೆ, ಓಡಾಡುವ ಸೇತುವೆಯ ಸೂರು ಸೋರಿದರೆ ಯಾರಾದರೂ ಕೂಡಲೇ ಗಮನಿಸುತ್ತಾರೆ. ಬಳಕೆ ತಪ್ಪಿಸಿ ಬೇಲಿ ಹಾಕಿದ ಸ್ಮಾರಕಕ್ಕೆ ಆ ಭಾಗ್ಯವಿಲ್ಲ.

ಸೂರಿನಿಂದ ಮಳೆ ತಡೆಯಬಹುದು, ನೆರೆಯನ್ನಲ್ಲ. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ಮಳೆಗೆ ಉಕ್ಕಿದ ನದಿ, ವರ್ಮಾಂಟಿನ ಬಾರ್ಟನ್ಸ್‌ವಿಲ್‌ನಲ್ಲಿ 1870ರಿಂದ ನಿಂತಿದ್ದ ಸೇತುವೆಯನ್ನು ಹೊತ್ತೊಯ್ದಿತು. ಊರಿನವರು ಕಾಂಕ್ರೀಟಿಗೆ ಮನಸೋಲದೆ ಅದೇ ಜಾಲರಿ ವಿನ್ಯಾಸದಲ್ಲಿ ಮತ್ತೆ ಕಟ್ಟಿಸಿ 2013ರಲ್ಲಿ ತೆರೆದರು. ಅದನ್ನು ಬರಿಯ ನಕಲೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ನಾವೆಲ್ಲ ಮೆಚ್ಚಿ ನೋಡುವ ಕಾರ್ನಿಷ್–ವಿಂಡ್ಸರ್ ಸೇತುವೆಯೂ ಆ ಜಾಗದಲ್ಲಿ ನಾಲ್ಕನೆಯದೇ.